ಬೇಧಿಯಲ್ಲ, ಭೇದಿ

ಭೇದಿ (ನಾ.): ಕರಪತ್ರ, ಗೋಡೆಬರಹಗಳಲ್ಲಿ ‘ಬೇಧಿ’ ಎಂದೇ ಮತ್ತೆ ಮತ್ತೆ ಕಾಣುತ್ತದೆ. ಮಹಾಪ್ರಾಣ ಬರಬೇಕಾದ್ದು ಮೊದಲಕ್ಷರಕ್ಕೆ. ಮೂಲ ಸಂಸ್ಕೃತದ ‘ಭಿದ್’, ಅಂದರೆ ಒಡೆ, ಸೀಳು. ಭೇದ, ಭಿನ್ನ ಇದರ ಒಡಹುಟ್ಟುಗಳು. ಆಯುರ್ವೇದದ ‘ಭೇದನ’ ಗಟ್ಟಿಗೊಂಡ ಮಲವನ್ನು ಒಡೆದು ಹೊರಹಾಕುವ ಔಷಧ. ‘ಭೇದಿ ಮಾತ್ರೆ’ಯಲ್ಲಿ ಆ ಹಳೆಯ ಅರ್ಥ ಇನ್ನೂ ಉಳಿದಿದೆ. ಭೇದಿ ಎಂಬ ಕಾಯಿಲೆಗೆ ಶಾಸ್ತ್ರದ ಹೆಸರು ‘ಅತಿಸಾರ’, ಮಿತಿಮೀರಿದ ಹರಿವು. ಗ್ರೀಕ್ ಮೂಲದ ‘ಡಯೇರಿಯಾ’ದಲ್ಲಿ ಇರುವುದೂ ಹರಿವೇ.

ಭೇದಿಯಾದವರನ್ನು ಎಣಿಸುವಾಗ ಪದದ ಅರ್ಥ ಬಿಗಿಯಾಗಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನಕ್ಕೆ 3 ಅಥವಾ ಹೆಚ್ಚು ಸಲ ಮಲ ತೆಳುವಾಗಿ ಇಲ್ಲವೇ ನೀರಾಗಿ ಹೋದರೆ ಭೇದಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತಾಯಂದಿರನ್ನು ಹಿಂದಿನ ಎರಡು ವಾರಗಳ ಬಗ್ಗೆ ಕೇಳಿತು. ಐದು ವರ್ಷದೊಳಗಿನ ಶೇ. 7.3 ಮಕ್ಕಳಿಗೆ ಭೇದಿಯಾಗಿತ್ತು. ‘ಹೊಟ್ಟೆ ಕೆಟ್ಟಿತ್ತು’ ಎಂಬ ಉತ್ತರವನ್ನು ಹಾಗೇ ಬರೆದುಕೊಂಡರೆ ಲೆಕ್ಕ ತಪ್ಪುತ್ತದೆ. ಎಷ್ಟು ಸಲ, ತೆಳುವಾಗಿತ್ತೇ, ನೀರಿನಂತಿತ್ತೇ ಎಂದು ಕೇಳಲೇಬೇಕು.