ಪ್ರಾಂತ್ಯಗಳಿಂದ ರಾಜ್ಯಕ್ಕೆ: ನಮ್ಮ ಭೂಪಟ ಬದಲಾದ ಬಗೆ

ಮಾರತ್ತಹಳ್ಳಿಯಲ್ಲಿ ಬಸ್ಸು ಹತ್ತಿ ಹಳೆಯ ವಿಮಾನ ನಿಲ್ದಾಣ ರಸ್ತೆಯಲ್ಲಿ ಹೊರಟರೆ ಎಚ್.ಎ.ಎಲ್., ದೊಮ್ಮಲೂರು ಕಳೆದು ಟ್ರಿನಿಟಿ ವೃತ್ತ ಸೇರುತ್ತೇವೆ. ಅಲ್ಲಿಂದ ಹಲಸೂರು ಹತ್ತಿರ. ವಾಹನಗಳ ದಟ್ಟಣೆಯನ್ನು ಬಿಟ್ಟರೆ ದಾರಿಯಲ್ಲಿ ನಮ್ಮನ್ನು ತಡೆಯುವುದು ಏನೂ ಇಲ್ಲ. ಆದರೆ 1947ರ ಜುಲೈವರೆಗೆ ಈ ದಾರಿಯಲ್ಲಿ ಹೋಗುವವರು ಒಂದು ಆಡಳಿತವನ್ನು ಬಿಟ್ಟು ಇನ್ನೊಂದು ಆಡಳಿತದೊಳಕ್ಕೆ ಕಾಲಿಡುತ್ತಿದ್ದರು. ಮಾರತ್ತಹಳ್ಳಿ ಮೈಸೂರು ಮಹಾರಾಜರ ಆಡಳಿತದ ಹಳ್ಳಿ. ಹಲಸೂರು ಬ್ರಿಟಿಷ್ ರೆಸಿಡೆಂಟರ ಕೈಕೆಳಗಿದ್ದ ದಂಡು ಪ್ರದೇಶ. ಭಾರತದ ಪ್ರಾಂತ್ಯಗಳ ಚರಿತ್ರೆಯನ್ನು ಓದಲು ನಾವು ದೂರ ಹೋಗಬೇಕಾಗಿಲ್ಲ; ನಮ್ಮ ಊರಿನ ರಸ್ತೆಯಿಂದಲೇ ಆರಂಭಿಸಬಹುದು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದ ಮೇಲೆ ಬ್ರಿಟಿಷರು ಮೈಸೂರಿನ ಸಿಂಹಾಸನವನ್ನು ಒಡೆಯರ ಮನೆತನಕ್ಕೆ ಮರಳಿಸಿದರು. ಅವರ ಸೈನ್ಯ ಮಾತ್ರ ಇಲ್ಲಿಯೇ ಉಳಿಯಿತು. 1809ರಲ್ಲಿ ಆ ಸೈನ್ಯ ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಬಂದು ಹಲಸೂರಿನ ಬಳಿ ನೆಲೆಯೂರಿತು. ಅದೇ ದಂಡು. ನಗರ ದಂಗೆಯ ಬಳಿಕ 1831ರಲ್ಲಿ ಇಡೀ ಮೈಸೂರಿನ ಆಡಳಿತವನ್ನೇ ಬ್ರಿಟಿಷರು ವಹಿಸಿಕೊಂಡರು. ಐವತ್ತು ವರ್ಷಗಳ ಅನಂತರ, 1881ರಲ್ಲಿ, ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ರಾಜ್ಯವನ್ನು ಹಿಂದಿರುಗಿಸಿದರಾದರೂ ದಂಡನ್ನು ತಮ್ಮಲ್ಲೇ ಉಳಿಸಿಕೊಂಡರು. ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬುದು ಅದರ ಹೆಸರು. ನೆಲ ಮಹಾರಾಜರದು, ಆಡಳಿತ ಬ್ರಿಟಿಷರದು. 1862ರಿಂದಲೇ ಪೇಟೆಗೊಂದು, ದಂಡಿಗೊಂದು ಪುರಸಭೆ ಇದ್ದವು. ಪೇಟೆಯಲ್ಲಿ ಕನ್ನಡ, ತೆಲುಗು ಹೆಚ್ಚಾಗಿ ಕೇಳಿಸಿದರೆ, ದಂಡಿನ ಬೀದಿಗಳಲ್ಲಿ ತಮಿಳು, ಉರ್ದು, ಇಂಗ್ಲಿಷ್ ಮಾತುಗಳೇ ಹೆಚ್ಚು. ಸ್ವಾತಂತ್ರ್ಯಕ್ಕೆ ಮೂರು ವಾರಗಳಿಗೂ ಕಡಿಮೆ ಸಮಯ ಉಳಿದಿದ್ದಾಗ, 1947ರ ಜುಲೈ 26ರಂದು ದಂಡು ಮೈಸೂರಿಗೆ ಮರಳಿತು. 1949ರಲ್ಲಿ ಎರಡೂ ಪುರಸಭೆಗಳು ಕೂಡಿ ಬೆಂಗಳೂರು ನಗರ ಕಾರ್ಪೊರೇಷನ್ ಆಯಿತು.

ಒಂದು ನಗರದಲ್ಲಿ ನಡೆದದ್ದೇ ಇಡೀ ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದಿತ್ತು. 1937ರ ಹೊತ್ತಿಗೆ ಬ್ರಿಟಿಷ್ ಭಾರತದಲ್ಲಿ ಗವರ್ನರುಗಳ 11 ಪ್ರಾಂತ್ಯಗಳಿದ್ದವು. ಕೊಡಗಿನಂಥ ಸಣ್ಣ ಪ್ರದೇಶಗಳನ್ನು ಚೀಫ್ ಕಮಿಷನರುಗಳು ಆಳುತ್ತಿದ್ದರು. ಇವಲ್ಲದೆ 550ಕ್ಕೂ ಹೆಚ್ಚು ದೇಶೀಯ ಸಂಸ್ಥಾನಗಳಿದ್ದವು. ಈ ಗಡಿಗಳನ್ನು ಯಾರೂ ಜನರ ಭಾಷೆಯನ್ನು ಕೇಳಿ ಎಳೆದದ್ದಲ್ಲ. ಯಾವ ಯುದ್ಧದಲ್ಲಿ ಯಾವ ಭಾಗ ಸಿಕ್ಕಿತೋ, ಯಾವ ಒಪ್ಪಂದದಲ್ಲಿ ಯಾರು ಏನನ್ನು ಬಿಟ್ಟುಕೊಟ್ಟರೋ, ಅದೇ ಗಡಿಯಾಯಿತು.

ಕನ್ನಡ ನಾಡು ಇದಕ್ಕೆ ಒಳ್ಳೆಯ ಉದಾಹರಣೆ. 1800ರಲ್ಲಿ ಹೈದರಾಬಾದಿನ ನಿಜಾಮರು ತಮ್ಮ ರಕ್ಷಣೆಗಿದ್ದ ಕಂಪನಿ ಸೈನ್ಯದ ವೆಚ್ಚಕ್ಕಾಗಿ ಬಳ್ಳಾರಿ ಸೀಮೆಯನ್ನು ಬಿಟ್ಟುಕೊಟ್ಟರು. ಅದು ಮದರಾಸು ಪ್ರಾಂತ್ಯಕ್ಕೆ ಸೇರಿತು. ಪೇಶ್ವೆಯವರ ಸೋಲಿನ ಬಳಿಕ ಧಾರವಾಡ, ಬೆಳಗಾವಿ ಮುಂಬಯಿ ಪ್ರಾಂತ್ಯದ ಪಾಲಾದವು. ಕರಾವಳಿಯ ಕೆನರಾ ಜಿಲ್ಲೆಯನ್ನು ಎರಡಾಗಿ ಒಡೆದು 1862ರಲ್ಲಿ ಉತ್ತರ ಭಾಗವನ್ನು ಮುಂಬಯಿಗೆ ಕೊಟ್ಟು, ದಕ್ಷಿಣ ಭಾಗವನ್ನು ಮದರಾಸಿನಲ್ಲೇ ಉಳಿಸಿದರು. ಕೊಡಗನ್ನು 1834ರಲ್ಲಿ ವಶಪಡಿಸಿಕೊಂಡಿದ್ದರು. ಕಲಬುರಗಿ, ಬೀದರ್, ರಾಯಚೂರು ನಿಜಾಮರ ರಾಜ್ಯದಲ್ಲಿದ್ದವು. ಇವುಗಳ ನಡುವೆ ಸಂಡೂರು, ಜಮಖಂಡಿ, ಮುಧೋಳದಂಥ ಚಿಕ್ಕ ಸಂಸ್ಥಾನಗಳು. ತುಂಗಭದ್ರೆಯ ದಡಕ್ಕೆ ಹೋದರೆ ಇದರ ವಿಚಿತ್ರ ಇನ್ನೂ ಚೆನ್ನಾಗಿ ತಿಳಿಯುತ್ತದೆ. ವಿಜಯನಗರದ ಕಾಲದಲ್ಲಿ ಹಂಪಿ ಮತ್ತು ಆನೆಗೊಂದಿ ಒಂದೇ ರಾಜಧಾನಿಯ ಎರಡು ದಡಗಳು. ಬ್ರಿಟಿಷರ ಕಾಲದಲ್ಲಿ ಹಂಪಿ ಮದರಾಸಿಗೆ ಸೇರಿದ್ದರೆ ಆನೆಗೊಂದಿ ಹೈದರಾಬಾದಿಗೆ ಸೇರಿತ್ತು. ಹರಿಗೋಲಿನಲ್ಲಿ ಹೊಳೆ ದಾಟಿದವನು ಬೇರೊಂದು ರಾಜ್ಯದಲ್ಲಿ ಇಳಿಯುತ್ತಿದ್ದ.

ಗಡಿ ಎಂದರೆ ಬರಿಯ ಗೆರೆಯಲ್ಲ. ಮಗು ಯಾವ ಭಾಷೆಯಲ್ಲಿ ಓದಬೇಕು, ರೈತ ಯಾವ ಭಾಷೆಯಲ್ಲಿ ಅರ್ಜಿ ಬರೆಯಬೇಕು ಎಂಬುದನ್ನೂ ಅದು ನಿರ್ಧರಿಸುತ್ತದೆ. ಮೈಸೂರಿನಲ್ಲಿ ಕನ್ನಡ ಶಾಲೆಗಳಿದ್ದವು. 1913ರಲ್ಲೇ ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ ಕಾನೂನು ಬಂದಿತ್ತು. 1916ರಲ್ಲಿ ವಿಶ್ವವಿದ್ಯಾನಿಲಯ ಆರಂಭವಾಯಿತು. ಮುಂಬಯಿ ಕರ್ನಾಟಕದಲ್ಲಿ ಮರಾಠಿಯ ಪ್ರಾಬಲ್ಯದ ನಡುವೆ ಡೆಪ್ಯುಟಿ ಚೆನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ದುಡಿಯಬೇಕಾಯಿತು. ನಿಜಾಮರ ರಾಜ್ಯದಲ್ಲಿ ಆಡಳಿತ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನ ಭಾಷೆಯೂ ಉರ್ದುವೇ. ಕಲಬುರಗಿ, ರಾಯಚೂರಿನ ಹಳ್ಳಿಯ ಮಗುವಿಗೆ ಮನೆಯ ಮಾತು ಒಂದಾದರೆ ಕಚೇರಿಯ ಮಾತು ಇನ್ನೊಂದು. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಆ ಭಾಗದ ಜನ ಹದಿಮೂರು ತಿಂಗಳು ಕಾಯಬೇಕಾಯಿತು. 1948ರ ಸೆಪ್ಟೆಂಬರ್ 17 ಅವರಿಗೆ ವಿಮೋಚನೆಯ ದಿನ.

ಹೀಗೆ ಹಂಚಿಹೋದವರನ್ನು ಕೂಡಿಸುವ ಕೆಲಸ ಬಹಳ ಹಿಂದೆಯೇ ಶುರುವಾಗಿತ್ತು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಆಲೂರು ವೆಂಕಟರಾಯರು ಊರೂರು ತಿರುಗಿ ಏಕೀಕರಣದ ಮಾತನ್ನು ಹರಡಿದರು. ಮೈಸೂರಿನಲ್ಲೇ ಕೆಲವರಿಗೆ ಹಿಂಜರಿಕೆ ಇತ್ತು ಎಂಬುದನ್ನೂ ನೆನೆಯಬೇಕು. ಅಚ್ಚುಕಟ್ಟಾಗಿ ನಡೆಯುತ್ತಿರುವ ನಮ್ಮ ರಾಜ್ಯ ಹಿಂದುಳಿದ ಜಿಲ್ಲೆಗಳ ಭಾರವನ್ನೇಕೆ ಹೊರಬೇಕು ಎಂಬುದು ಅವರ ವಾದ. ಕೆಂಗಲ್ ಹನುಮಂತಯ್ಯನವರಂಥ ನಾಯಕರು ಅದನ್ನು ಒಪ್ಪದೆ ಏಕೀಕರಣದ ಪರವಾಗಿ ನಿಂತರು.

1950ರ ಸಂವಿಧಾನ ರಾಜ್ಯಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತ್ತು. ಮುಂಬಯಿ, ಮದರಾಸು ‘ಎ’, ಮೈಸೂರು, ಹೈದರಾಬಾದು ‘ಬಿ’, ಕೊಡಗು ‘ಸಿ’. ಅಂದರೆ ಕನ್ನಡಿಗರು ಮೂರೂ ಬಗೆಯ ರಾಜ್ಯಗಳಲ್ಲಿದ್ದರು. ಪೊಟ್ಟಿ ಶ್ರೀರಾಮುಲು ಅವರು ಉಪವಾಸದಿಂದ ಮಡಿದ ಬಳಿಕ 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾಯಿತು. ಅಂದೇ ಬಳ್ಳಾರಿಯ ಏಳು ತಾಲ್ಲೂಕುಗಳು ಮೈಸೂರಿಗೆ ಬಂದವು. ಅದೇ ವರ್ಷದ ಕೊನೆಯಲ್ಲಿ ಫಜಲ್ ಅಲಿ, ಎಚ್. ಎನ್. ಕುಂಜ್ರು, ಕೆ. ಎಂ. ಪಣಿಕ್ಕರ್ ಅವರ ಆಯೋಗ ನೇಮಕವಾಯಿತು. ಅದರ ವರದಿಯ ಮೇಲೆ ರೂಪುಗೊಂಡ ಕಾಯಿದೆಯಂತೆ 1956ರ ನವೆಂಬರ್ 1ರಂದು ಭಾರತದಲ್ಲಿ 14 ರಾಜ್ಯಗಳು, 6 ಕೇಂದ್ರಾಡಳಿತ ಪ್ರದೇಶಗಳಾದವು. ವಿಶಾಲ ಮೈಸೂರು ರಾಜ್ಯಕ್ಕೆ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾದರು. 1973ರ ನವೆಂಬರ್ 1ರಂದು, ಡಿ. ದೇವರಾಜ ಅರಸು ಅವರ ಕಾಲದಲ್ಲಿ, ‘ಕರ್ನಾಟಕ’ ಎಂಬ ಹೆಸರು ಬಂದಿತು.

ಹೊಸ ಗೆರೆಯೂ ಎಲ್ಲರನ್ನೂ ಒಳಗೊಳ್ಳಲಿಲ್ಲ. ಕಾಸರಗೋಡು ಕೇರಳಕ್ಕೆ, ಚಂದಗಡ ಮುಂಬಯಿಗೆ, ಗದ್ವಾಲ, ಆಲಂಪುರ, ಕೊಡಂಗಲ್, ತಾಂಡೂರು ಆಂಧ್ರಕ್ಕೆ ಹೋದವು. ಗದ್ವಾಲದ ಹಿರಿಯರೊಬ್ಬರು ಮನೆಯ ಹೊಸ್ತಿಲು ದಾಟದೆಯೇ ಹೈದರಾಬಾದು, ಆಂಧ್ರಪ್ರದೇಶ, 2014ರ ಬಳಿಕ ತೆಲಂಗಾಣ ಹೀಗೆ ಮೂರು ರಾಜ್ಯಗಳನ್ನು ಕಂಡಿರುತ್ತಾರೆ. 14 ರಾಜ್ಯಗಳಿದ್ದ ದೇಶದಲ್ಲಿ ಈಗ 28 ರಾಜ್ಯಗಳು, 8 ಕೇಂದ್ರಾಡಳಿತ ಪ್ರದೇಶಗಳಿವೆ.

ವಿದ್ಯಾರ್ಥಿಗಳೇ, ಇದನ್ನೆಲ್ಲ ಪರೀಕ್ಷೆಯ ಎರಡು ಅಂಕಗಳಿಗಾಗಿ ಮಾತ್ರ ಓದಬೇಡಿ. ಇಂದು ಮಾರತ್ತಹಳ್ಳಿ, ವರ್ತೂರು ಸುತ್ತಿನ ಹಳೆಯ ಮನೆತನಗಳ ಮಕ್ಕಳ ಪಕ್ಕದಲ್ಲಿ, ಇಲ್ಲಿನ ಎತ್ತರದ ಕಟ್ಟಡಗಳನ್ನು ಕಟ್ಟಲು ಕಲಬುರಗಿ, ಯಾದಗಿರಿ, ರಾಯಚೂರಿನಿಂದ ಬಂದವರ ಮಕ್ಕಳು ಕುಳಿತು ಓದುತ್ತಾರೆ. ಒಬ್ಬನ ಮುತ್ತಜ್ಜನಿಗೆ ಹತ್ತಿರದಲ್ಲೇ ಕನ್ನಡ ಶಾಲೆ ಸಿಕ್ಕಿರಬಹುದು. ಇನ್ನೊಬ್ಬನ ಮುತ್ತಜ್ಜನಿಗೆ ಸಿಕ್ಕಿರಲಾರದು. ಇದು ಜಾಣತನದ ವ್ಯತ್ಯಾಸವಲ್ಲ, ಹಳೆಯ ಗಡಿ ಬಿಟ್ಟುಹೋದ ವ್ಯತ್ಯಾಸ. ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ, ಸಂವಿಧಾನಕ್ಕೆ ಸೇರಿದ 371(ಜೆ) ವಿಧಿ ಇವೆಲ್ಲ ಅದನ್ನು ಸರಿಪಡಿಸಲು ಮಾಡಿದ ಪ್ರಯತ್ನಗಳು. ಭೂಪಟದಲ್ಲಿ ನಾಡು ಒಂದಾದದ್ದು 1956ರಲ್ಲಿ. ಅದು ನಿಜವಾಗಿ ಒಂದಾಗುವುದು ಆ ಇಬ್ಬರು ಮಕ್ಕಳಿಗೂ ಸಮನಾದ ಓದು ಸಿಕ್ಕಾಗ. ಐವತ್ತು ವರ್ಷಗಳಿಂದ ಬಂದ ಮಕ್ಕಳನ್ನೆಲ್ಲ ಒಂದೇ ಬೆಂಚಿನಲ್ಲಿ ಕೂರಿಸಿ ಕಲಿಸುತ್ತಿರುವ ಸರ್ಕಾರಿ ಶಾಲೆ ಆ ಕೆಲಸವನ್ನೇ ಮಾಡುತ್ತಿದೆ.