ವೈತಾಂಗಿಯ ಕೌಲುಪತ್ರ

ನ್ಯೂಜಿಲೆಂಡಿನ ರಾಜಧಾನಿಯಾದ ವೆಲಿಂಗ್ಟನ್ ಪಟ್ಟಣದ ರಾಷ್ಟ್ರೀಯ ಪುಸ್ತಕಭಂಡಾರದಲ್ಲಿ, ಮಂದವಾದ ಬೆಳಕಿನ ಒಂದು ಕೊಠಡಿಯೊಳಗೆ, ಒಂಬತ್ತು ಹಾಳೆಗಳನ್ನು ಗಾಜಿನ ಮರೆಯಲ್ಲಿ ಬಹು ಜೋಪಾನವಾಗಿ ಇರಿಸಿದ್ದಾರೆ. ಅವುಗಳಲ್ಲಿ ಮೊದಲನೆಯದು ಚರ್ಮದ ಹಾಳೆ. ಅದರ ಕೆಳಭಾಗವನ್ನು ಇಲಿಗಳು ತಿಂದುಹಾಕಿವೆ. ೧೯೦೮ರಲ್ಲಿ ಹಾಕೆನ್ ಎಂಬ ವೈದ್ಯನು, ಹಳೆಯ ಕಾಗದಗಳಲ್ಲಿ ಆಸಕ್ತಿಯುಳ್ಳವನು, ಸರ್ಕಾರಿ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಈ ಪತ್ರಗಳನ್ನು ಕಂಡುಹಿಡಿಯುವಷ್ಟರಲ್ಲಿ ನೀರೂ ಇಲಿಯೂ ತಮ್ಮ ಕೆಲಸವನ್ನು ಮಾಡಿ ಮುಗಿಸಿದ್ದವು. ಒಂದು ದೇಶದ ಸರ್ಕಾರವು ತಾನು ಯಾವ ಆಧಾರದ ಮೇಲೆ ಆ ದೇಶವನ್ನು ಆಳುತ್ತಿದ್ದೇನೆಂದು ಹೇಳಿಕೊಳ್ಳುತ್ತಿದ್ದಿತೋ ಆ ಆಧಾರಪತ್ರಕ್ಕೆ ಒದಗಿದ ಗತಿ ಇದು.

ನನ್ನ ವಿದ್ಯಾರ್ಥಿದೆಸೆಯಲ್ಲಿ ಓದಿದ ಇಂಗ್ಲೀಷು ಚರಿತ್ರೆಯ ಪುಸ್ತಕವೊಂದರಲ್ಲಿ ಈ ಪ್ರಸಂಗಕ್ಕೆ ಮೂರೇ ಸಾಲುಗಳು ಮೀಸಲಾಗಿದ್ದವು. ಮಾವೊರಿ ಜನರ ನಾಯಕರು ೧೮೪೦ರಲ್ಲಿ ತಮ್ಮ ಸಾರ್ವಭೌಮತ್ವವನ್ನು ವಿಕ್ಟೋರಿಯಾ ರಾಣಿಗೆ ಸ್ವಸಂತೋಷದಿಂದ ಒಪ್ಪಿಸಿದರೆಂಬುದು ಅವುಗಳ ತಾತ್ಪರ್ಯ. ನಾನು ಅಧ್ಯಾಪಕನಾದ ಮೇಲೆ ಹಲವು ವರ್ಷ ತರಗತಿಯಲ್ಲಿ ಅದನ್ನೇ ಹೇಳಿಕೊಟ್ಟೆನು. ಪ್ರಶ್ನಪತ್ರಿಕೆಗಳಲ್ಲಿ ಅದಕ್ಕೆ ಅಂಕಗಳನ್ನೂ ಕೊಟ್ಟೆನು. ಆ ಮೂರು ಸಾಲು ಒಂದು ಭಾಷೆಯ ಪತ್ರವನ್ನು ಮಾತ್ರ ನೋಡಿ ಬರೆದದ್ದೆಂದು ತಿಳಿದದ್ದು ಬಹು ತಡವಾಗಿ. ಈ ಸಂಜೆ ಆ ವಿಷಯವಾಗಿ ತಮ್ಮೊಡನೆ ನಾಲ್ಕು ಮಾತನ್ನಾಡುವೆನು.

ಆ ದ್ವೀಪಗಳಲ್ಲಿ ಆಗ ಎಪ್ಪತ್ತರಿಂದ ತೊಂಬತ್ತು ಸಾವಿರದಷ್ಟು ಮಾವೊರಿ ಜನರಿದ್ದರು. ಬಿಳಿಯರು ಸುಮಾರು ಎರಡು ಸಾವಿರ. ತಿಮಿಂಗಿಲದ ಬೇಟೆಗಾರರು, ವ್ಯಾಪಾರಿಗಳು, ಪಾದ್ರಿಗಳು, ಶಿಕ್ಷೆ ತಪ್ಪಿಸಿಕೊಂಡು ಓಡಿಬಂದವರು, ಹೀಗೆ ಬಗೆಬಗೆಯ ಮಂದಿ. ೧೮೩೩ರಿಂದ ಅಲ್ಲಿ ಜೇಮ್ಸ್ ಬಸ್ಬಿ ಎಂಬ ಬ್ರಿಟಿಷ್ ರೆಸಿಡೆಂಟನಿದ್ದನು. ರೆಸಿಡೆಂಟನೆಂದರೇನೆಂಬುದನ್ನು ಮೈಸೂರಿನ ಚರಿತ್ರೆಯನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಆದರೆ ಈ ರೆಸಿಡೆಂಟನಿಗೆ ಸೈನ್ಯವೂ ಇರಲಿಲ್ಲ, ಅಧಿಕಾರವೂ ಇರಲಿಲ್ಲ. ಅವನ ಪ್ರೇರಣೆಯಿಂದ ೧೮೩೫ರ ಅಕ್ಟೋಬರ್ ೨೮ರಂದು ಉತ್ತರಭಾಗದ ಮೂವತ್ತನಾಲ್ಕು ಮಂದಿ ನಾಯಕರು ತಮ್ಮ ನಾಡು ಸ್ವತಂತ್ರವೆಂದು ಸಾರುವ ಒಂದು ಪತ್ರಕ್ಕೆ ರುಜು ಹಾಕಿದರು. ಲಂಡನ್ನಿನ ಸರ್ಕಾರವು ಅದನ್ನು ಅಂಗೀಕರಿಸಿತು. ಅಂಗೀಕರಿಸಿದ್ದರಿಂದಲೇ ಮುಂದೆ ತೊಡಕಾಯಿತು. ೧೮೩೯ರಲ್ಲಿ ವೇಕ್‌ಫೀಲ್ಡ್ ಸೋದರರ ನ್ಯೂಜಿಲೆಂಡ್ ಕಂಪೆನಿಯವರು ನೆಲವನ್ನು ಕೊಂಡು ವಲಸೆಗಾರರನ್ನು ನೆಲೆಗೊಳಿಸಲು ಹಡಗು ಕಳುಹಿಸಿಯೇ ಬಿಟ್ಟಾಗ, ಸರ್ಕಾರವು ತಾನೂ ಮುಂದಾಗಬೇಕಾಯಿತು. ಆದರೆ ಸ್ವತಂತ್ರರೆಂದು ಒಪ್ಪಿಕೊಂಡವರ ನಾಡನ್ನು ಅವರ ಸಮ್ಮತಿಯಿಲ್ಲದೆ ತೆಗೆದುಕೊಳ್ಳುವುದು ಹೇಗೆ? ಆದಕಾರಣ ನೌಕಾಪಡೆಯ ಕ್ಯಾಪ್ಟನ್ ವಿಲಿಯಂ ಹಾಬ್ಸನ್ನನನ್ನು, ನಾಯಕರಿಗೆ ಎಲ್ಲವನ್ನೂ ತಿಳಿಯಹೇಳಿ ಅವರ ಸಮ್ಮತಿಯನ್ನು ಪಡೆಯತಕ್ಕದ್ದೆಂಬ ಆಜ್ಞೆಯೊಡನೆ ಕಳುಹಿಸಿದರು.

ಹಾಬ್ಸನ್ನನು ವಕೀಲನಲ್ಲ. ಅವನೂ ಅವನ ಕಾರ್ಯದರ್ಶಿಯೂ ಬಸ್ಬಿಯೂ ಸೇರಿ ಕೆಲವೇ ದಿನಗಳಲ್ಲಿ ಇಂಗ್ಲೀಷಿನಲ್ಲಿ ಮೂರು ಕಲಮುಗಳ ಕರಡನ್ನು ಸಿದ್ಧಪಡಿಸಿದರು. ೧೮೪೦ರ ಫೆಬ್ರವರಿ ೪ರ ಸಂಜೆ ಅದನ್ನು ಹೆನ್ರಿ ವಿಲಿಯಮ್ಸ್ ಎಂಬ ಪಾದ್ರಿಯ ಕೈಗೆ ಕೊಟ್ಟು, ಮರುದಿನ ಬೆಳಗ್ಗೆ ಮಾವೊರಿ ಭಾಷೆಯಲ್ಲಿ ಬೇಕೆಂದರು. ತಂದೆಯೂ ಮಗನೂ ಕುಳಿತು ಒಂದೇ ರಾತ್ರಿಯಲ್ಲಿ ಭಾಷಾಂತರವನ್ನು ಮುಗಿಸಿದರು. ಭಾಷಾಂತರದ ಕಷ್ಟವನ್ನು ಕಂಡವರು ಆ ರಾತ್ರಿಯನ್ನು ನೆನೆದರೆ ಮರುಕಗೊಂಡಾರು. ಆದರೆ ಅದರ ಫಲವನ್ನು ಉಂಡವರು ಭಾಷಾಂತರಕಾರರಲ್ಲ.

ಇಂಗ್ಲೀಷಿನ ಮೊದಲನೆಯ ಕಲಮು ನಾಯಕರು ತಮ್ಮ ಸಾರ್ವಭೌಮತ್ವದ ಸಕಲ ಹಕ್ಕುಗಳನ್ನೂ ರಾಣಿಗೆ ಸಂಪೂರ್ಣವಾಗಿ ಒಪ್ಪಿಸತಕ್ಕದ್ದೆಂದು ಹೇಳುತ್ತದೆ. ಮಾವೊರಿ ಪತ್ರದಲ್ಲಿ ಆ ಮಾತಿನ ಸ್ಥಾನದಲ್ಲಿರುವುದು ‘ಕಾವನತಂಗ’ ಎಂಬ ಶಬ್ದ. ‘ಕಾವನ’ ಎಂದರೆ ಗವರ್ನರ್ ಎಂಬ ಇಂಗ್ಲೀಷು ಮಾತಿನ ಮಾವೊರಿ ಉಚ್ಚಾರಣೆಯೇ ಹೊರತು ಬೇರೆಯಲ್ಲ. ಬೈಬಲ್ಲಿನ ಮಾವೊರಿ ಭಾಷಾಂತರದಲ್ಲಿ ರೋಮಿನ ಅಧಿಕಾರಿಯಾದ ಪಿಲಾತನಿಗೆ ಪಾದ್ರಿಗಳು ಬಳಸಿದ್ದ ಹೆಸರು ಅದು. ‘ತಂಗ’ ಎಂಬುದು ನಮ್ಮ ‘ತನ’, ‘ಗಿರಿ’ಗಳ ಹಾಗೆ ಒಂದು ಪ್ರತ್ಯಯ. ಎರಡನೆಯ ಕಲಮಿನಲ್ಲಾದರೋ ಇಂಗ್ಲೀಷು ಪತ್ರವು ನೆಲ, ಕಾಡು, ಮೀನುಗಾರಿಕೆಗಳ ಸ್ವಾಧೀನವನ್ನಷ್ಟೇ ಮಾವೊರಿಗಳಿಗೆ ಭರವಸೆಯಿತ್ತರೆ, ಮಾವೊರಿ ಪತ್ರವು ನೆಲ, ಊರು, ಮತ್ತು ಬೆಲೆಯುಳ್ಳ ಸಮಸ್ತ ವಸ್ತುಗಳ ಮೇಲೆ ‘ತಿನೊ ರಂಗತಿರತಂಗ’ವನ್ನು ಉಳಿಸಿಕೊಡುತ್ತದೆ. ‘ರಂಗತಿರ’ ಎಂದರೆ ನಾಯಕ, ದೊರೆ. ೧೮೩೫ರ ಪತ್ರದಲ್ಲಿ ತಮ್ಮ ಸ್ವಾತಂತ್ರ್ಯಕ್ಕೆ ಅವರು ಉಪಯೋಗಿಸಿದ್ದ ಶಬ್ದವೇ ಇದು.

ನಮ್ಮ ನಾಡಿನ ಮಾತಿನಲ್ಲಿ ಹೇಳುವುದಾದರೆ, ಒಬ್ಬ ಪಾಳೆಯಗಾರನ ಮುಂದೆ ನಿಂತು, “ಸ್ವಾಮಿ, ದಿವಾನಗಿರಿ ನಮಗಿರಲಿ, ಒಡೆತನ ಪೂರ್ತಿಯಾಗಿ ನಿಮ್ಮದೇ” ಎಂದು ಓದಿ ಹೇಳಿ ರುಜು ಹಾಕಿಸಿಕೊಂಡು, ಕಚೇರಿಗೆ ಹಿಂತಿರುಗಿದ ಮೇಲೆ ದಫ್ತರದಲ್ಲಿ “ಒಡೆತನವನ್ನು ಒಪ್ಪಿಸಿದನು” ಎಂದು ಬರೆದುಕೊಂಡ ಹಾಗಾಯಿತು. ಇದು ಬೇಕೆಂದೇ ಮಾಡಿದ ಮೋಸವೋ, ಅವಸರದ ಪ್ರಮಾದವೋ ಎಂಬ ವಾದ ಇಂದಿಗೂ ನಡೆಯುತ್ತಲೇ ಇದೆ. ವಿಲಿಯಮ್ಸನು ಆ ಭಾಷೆಯಲ್ಲಿ ನುರಿತವನು. ‘ಮನ’ ಎಂಬ ಅವರ ಮಾತನ್ನು ಉಪಯೋಗಿಸಿದ್ದರೆ ನಾಯಕರಾರೂ ರುಜು ಹಾಕುತ್ತಿರಲಿಲ್ಲವೆಂಬುದನ್ನು ಅವನು ಅರಿಯದವನೆಂದು ನಂಬುವುದು ನನಗಂತೂ ಕಷ್ಟವಾಗಿದೆ.

ಮರುದಿನ ವೈತಾಂಗಿಯಲ್ಲಿ ಬಸ್ಬಿಯ ಮನೆಯ ಮುಂದೆ ಡೇರೆ ಹಾಕಿ ಸಭೆ ಸೇರಿಸಿದರು. ತೆ ಕೆಮರ, ರೆವ ಮೊದಲಾದ ನಾಯಕರು ಗವರ್ನರನು ಬಂದ ದಾರಿಯಲ್ಲೇ ಹೋಗಲೆಂದು ಗಟ್ಟಿಯಾಗಿ ಹೇಳಿದರು. ತಾಮತಿ ವಾಕ ನೆನೆ ಎಂಬವನು, ವ್ಯಾಪಾರವೂ ಬಿಳಿಯರೂ ಬಂದಾಗಿದೆ, ಇನ್ನು ಅವರಲ್ಲಿ ಶಿಸ್ತನ್ನಿಡಲು ಒಬ್ಬನಿರಲಿ ಎಂದು ವಾದಿಸಿದನು. ಫೆಬ್ರವರಿ ೬ರಂದು ರುಜುವಿನ ಸಮಯ. ಮುದ್ರಣಕಾರನೂ ಮಿಷನರಿಯೂ ಆದ ಕೊಲೆನ್ಸೊ ಎದ್ದು ನಿಂತು, ಈ ಜನರಿಗೆ ಪತ್ರದ ಅರ್ಥವಾಗಿದೆಯೆಂದು ತಾವು ಭಾವಿಸುತ್ತೀರಾ ಎಂದು ಹಾಬ್ಸನ್ನನನ್ನು ಕೇಳಿಯೇಬಿಟ್ಟನು. ಅರ್ಥವಾಗದಿದ್ದರೆ ಅದು ತನ್ನ ತಪ್ಪಲ್ಲವೆಂಬ ಅರ್ಥದ ಉತ್ತರ ಬಂದಿತು. ಹೊನೆ ಹೆಕೆ ಮೊದಲು ರುಜು ಹಾಕಿದನು. ಪ್ರತಿಗಳು ನಾಡಿನ ಮೂಲೆಮೂಲೆಗೂ ಹೋದವು. ಆ ವರ್ಷದ ಸೆಪ್ಟೆಂಬರ್ ವೇಳೆಗೆ ಐನೂರಕ್ಕೂ ಮೀರಿ ನಾಯಕರು ಗುರುತು ಹಾಕಿದ್ದರು, ಅವರಲ್ಲಿ ಹನ್ನೆರಡಕ್ಕೂ ಹೆಚ್ಚು ಮಂದಿ ಸ್ತ್ರೀಯರು. ಇಂಗ್ಲೀಷು ಪತ್ರಕ್ಕೆ ಗುರುತು ಹಾಕಿದವರು ಮೂವತ್ತೊಂಬತ್ತು ಮಂದಿ ಮಾತ್ರ. ಮಿಕ್ಕವರೆಲ್ಲರೂ ಒಪ್ಪಿದ್ದು ಮಾವೊರಿ ಪತ್ರವನ್ನು. ವೈಕಾತೊ ಪ್ರಾಂತದ ಮಹಾನಾಯಕ ತೆ ವೆರೊವೆರೊ ಒಪ್ಪಲೇ ಇಲ್ಲ. ಆದಾಗ್ಯೂ ರುಜುಗಳೆಲ್ಲ ಮುಗಿಯುವುದಕ್ಕೆ ಮೊದಲೇ, ಮೇ ೨೧ರಂದು, ಹಾಬ್ಸನ್ನನು ಇಡೀ ನಾಡು ರಾಣಿಯದೆಂದು ಘೋಷಿಸಿದನು.

ಕೈತಾಯದ ನಾಯಕ ನೊಪೆರ ಪನಕರೆಯಾವೊ ಆ ಏಪ್ರಿಲ್ಲಿನಲ್ಲಿ ತನ್ನ ಜನಕ್ಕೆ, ನೆಲದ ನೆರಳು ಮಾತ್ರ ರಾಣಿಗೆ ಹೋಗುತ್ತದೆ, ನೆಲವು ನಮ್ಮಲ್ಲೇ ಉಳಿಯುತ್ತದೆ ಎಂಬುದಾಗಿ ಸಮಾಧಾನ ಹೇಳಿದ್ದನು. ವರ್ಷ ಕಳೆಯುವಷ್ಟರಲ್ಲಿ ಅವನೇ ಆ ಮಾತನ್ನು ತಿರುಗಿಸಿ ಹೇಳಿದನು: ನೆಲವು ಅತ್ತ ಹೋಗುತ್ತದೆ, ನಮಗೆ ಉಳಿಯುವುದು ನೆರಳು. ಮೊದಲ ರುಜು ಹಾಕಿದ ಹೊನೆ ಹೆಕೆಯೇ ಕೊರೊರಾರೆಕದ ಬ್ರಿಟಿಷ್ ಧ್ವಜಸ್ತಂಭವನ್ನು ನಾಲ್ಕು ಸಲ ಕಡಿದುರುಳಿಸಿದ್ದರಿಂದ ೧೮೪೫ರಲ್ಲಿ ಯುದ್ಧವಾಯಿತು.

ನೆಲವು ಹೋದ ಬಗೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಕತ್ತಿಗಿಂತ ಕಾಗದವೇ ಇಲ್ಲಿ ಹೆಚ್ಚು ಕೆಲಸ ಮಾಡಿತು. ಎರಡನೆಯ ಕಲಮಿನ ಪ್ರಕಾರ ಮಾವೊರಿಗಳ ನೆಲವನ್ನು ಕೊಳ್ಳುವ ಹಕ್ಕು ಸರ್ಕಾರಕ್ಕೆ ಮಾತ್ರ ಇದ್ದಿತು. ಕೊಳ್ಳುವವನು ಒಬ್ಬನೇ ಆದರೆ ಬೆಲೆಯನ್ನು ಗೊತ್ತುಮಾಡುವವನೂ ಅವನೇ. ೧೮೪೮ರಲ್ಲಿ ಕೆಂಪ್ ಎಂಬ ಅಧಿಕಾರಿಯು ದಕ್ಷಿಣದ್ವೀಪದಲ್ಲಿ ನ್ಗೈ ತಹು ಕುಲದವರಿಂದ ಒಂದು ಕೋಟಿ ಎಕರೆಗೂ ಮೀರಿದ ನೆಲವನ್ನು ಎರಡು ಸಾವಿರ ಪೌಂಡಿಗೆ ಕೊಂಡನು. ಅವರ ಊರುಗಳನ್ನೂ ಆಹಾರ ಸಂಗ್ರಹಿಸುವ ಸ್ಥಳಗಳನ್ನೂ ಬಿಟ್ಟುಕೊಡುವುದಾಗಿ ಮಾತಾಗಿದ್ದಿತು. ಅಳತೆಯಾದ ಮೇಲೆ ಉಳಿದದ್ದು ಆರು ಸಾವಿರ ಎಕರೆಗಿಂತ ತುಸು ಹೆಚ್ಚು. ೧೮೪೯ರಲ್ಲೇ ಅವರ ಮತಿಯಾಹ ತಿರಮೊರೆಹು ಸರ್ಕಾರಕ್ಕೆ ಅರ್ಜಿ ಬರೆದನು. ಆ ಅರ್ಜಿ ಇತ್ಯರ್ಥವಾದದ್ದು ೧೯೯೮ರಲ್ಲಿ.

ಉತ್ತರದ್ವೀಪದಲ್ಲಿ ಮಾವೊರಿಗಳು ಮಾರಲು ಒಪ್ಪದೆ, ೧೮೫೮ರಲ್ಲಿ ತೆ ವೆರೊವೆರೊನನ್ನು ತಮ್ಮ ರಾಜನನ್ನಾಗಿ ಆರಿಸಿಕೊಂಡು ನೆಲವನ್ನು ಅವನ ರಕ್ಷಣೆಗೆ ಒಪ್ಪಿಸಿದರು. ೧೮೬೩ರ ಜುಲೈಯಲ್ಲಿ ಸರ್ಕಾರದ ಸೈನ್ಯವು ವೈಕಾತೊವನ್ನು ಹೊಕ್ಕಿತು. ಆ ವರ್ಷದ ಕಾಯಿದೆಯೊಂದರ ಮೂಲಕ ದಂಗೆಕೋರರೆನಿಸಿದವರ ನೆಲವನ್ನೆಲ್ಲ ಜಪ್ತಿ ಮಾಡಿದರು. ವೈಕಾತೊ ಒಂದರಲ್ಲೇ ಸುಮಾರು ಹನ್ನೆರಡು ಲಕ್ಷ ಎಕರೆ. ದಂಗೆಯಲ್ಲಿ ಸೇರದವರ ನೆಲವೂ ಅದರಲ್ಲಿ ಕೊಚ್ಚಿಹೋಯಿತು.

ಇದಕ್ಕಿಂತಲೂ ಶಾಂತವಾದ ಉಪಾಯ ೧೮೬೫ರ ಭೂನ್ಯಾಯಸ್ಥಾನ. ಮಾವೊರಿಗಳ ನೆಲಕ್ಕೆ ಒಬ್ಬ ಯಜಮಾನನಿರಲಿಲ್ಲ. ಪೂರ್ವಿಕರ ಹೆಸರನ್ನು ಹೇಳಿ, ಆ ನೆಲದಲ್ಲಿ ಒಲೆಯ ಬೆಂಕಿ ಆರದಂತೆ ಬಾಳಿದ ಇಡೀ ಕುಲಕ್ಕೆ ಅದರ ಮೇಲೆ ಹಕ್ಕಿದ್ದಿತು. ಹೊಸ ಕಾಯಿದೆಯ ಪ್ರಕಾರ ಒಂದು ಹಿಡುವಳಿಗೆ ಹತ್ತು ಮಂದಿಗಿಂತ ಹೆಚ್ಚು ಹೆಸರುಗಳನ್ನು ಬರೆಯುವಂತಿರಲಿಲ್ಲ. ಕುಲದ ಪರವಾಗಿ ಹತ್ತು ಮಂದಿ ನಿಂತರು. ಕಾನೂನಿನ ಕಣ್ಣಿಗೆ ಆ ಹತ್ತು ಮಂದಿಯೇ ಪೂರ್ಣ ಮಾಲೀಕರಾದರು. ಮಿಕ್ಕ ನೂರಾರು ಮಂದಿ ತಮ್ಮ ನೆಲದಲ್ಲೇ ಪರಕೀಯರಾದರು. ಹತ್ತು ಮಂದಿಗೆ ಅಂಗಡಿಯವನು ಸಾಲ ಕೊಟ್ಟನು, ಹೆಂಡ ಕೊಟ್ಟನು, ಒಬ್ಬೊಬ್ಬರಿಂದಲೂ ರುಜು ತೆಗೆದುಕೊಂಡನು. ಹೆರೆತೌಂಗದ ಬಯಲು ಹೀಗೆಯೇ ಕೈಬಿಟ್ಟಿತು. ಜಂಟಿ ಖಾತೆಯ ಜಮೀನು ಸಾಹುಕಾರನ ಪಾಲಾಗುವ ರೀತಿಯನ್ನು ನಮ್ಮ ಹಳ್ಳಿಗಳಲ್ಲಿ ನೋಡಿದವರಿಗೆ ಇದು ಅಪರಿಚಿತವಾದ ಕಥೆಯಲ್ಲ. ೧೮೯೬ರ ಜನಗಣತಿಯಲ್ಲಿ ಮಾವೊರಿಗಳ ಸಂಖ್ಯೆ ಸುಮಾರು ನಲವತ್ತೆರಡು ಸಾವಿರಕ್ಕೆ ಇಳಿದಿದ್ದಿತು.

ರಾಜಕೀಯ ಹಕ್ಕಿನ ಮಾತೂ ಉಂಟು. ೧೮೫೨ರ ರಾಜ್ಯಾಂಗದಲ್ಲಿ ಮತದಾನವು ಸ್ವಂತ ಆಸ್ತಿಯುಳ್ಳವರಿಗೆ ಮಾತ್ರ. ನೆಲವು ಕುಲದ್ದಾದ್ದರಿಂದ ಮಾವೊರಿಗಳಲ್ಲಿ ಬಹುತೇಕರಿಗೆ ಮತವಿರಲಿಲ್ಲ. ೧೮೬೭ರಲ್ಲಿ ಅವರಿಗೆ ನಾಲ್ಕು ಸ್ಥಾನಗಳನ್ನು ಕೊಟ್ಟರು, ಪ್ರಾಯಕ್ಕೆ ಬಂದ ಗಂಡಸರೆಲ್ಲರಿಗೂ ಮತವನ್ನೂ ಕೊಟ್ಟರು. ಬಿಳಿಯರಿಗೆ ಅಷ್ಟು ವಿಶಾಲವಾದ ಮತಾಧಿಕಾರ ದೊರೆತದ್ದು ೧೮೭೯ರಲ್ಲಿ. ಕೇಳಲು ಉದಾರವಾಗಿಯೇ ಇದೆ. ಆದರೆ ಜನಸಂಖ್ಯೆಯ ಲೆಕ್ಕದಲ್ಲಿ ಅವರಿಗೆ ಸಲ್ಲಬೇಕಾದದ್ದು ನಾಲ್ಕಕ್ಕಿಂತ ಬಹಳ ಹೆಚ್ಚು.

ನ್ಯಾಯಸ್ಥಾನವೇನು ಹೇಳಿತು? ನ್ಗಾತಿ ತೊವ ಕುಲದವರು ಶಾಲೆಯೊಂದನ್ನು ಕಟ್ಟಲೆಂದು ಪೊರಿರುವದಲ್ಲಿ ಪಾದ್ರಿಗಳಿಗೆ ನೆಲವನ್ನು ಕೊಟ್ಟಿದ್ದರು. ಶಾಲೆಯೇನೋ ಏಳಲಿಲ್ಲ, ನೆಲವೂ ಹಿಂದಕ್ಕೆ ಬರಲಿಲ್ಲ. ವಿ ಪರತ ಎಂಬವನು ದಾವಾ ಹೂಡಿದನು. ೧೮೭೭ರಲ್ಲಿ ಮುಖ್ಯ ನ್ಯಾಯಾಧೀಶ ಪ್ರೆಂಡರ್‌ಗಾಸ್ಟನು ವೈತಾಂಗಿಯ ಪತ್ರವು ಸಾರ್ವಭೌಮತ್ವದ ವಿಷಯದಲ್ಲಿ ಶೂನ್ಯವೆಂದೂ, ರಾಜ್ಯವೆನಿಸಿಕೊಳ್ಳುವ ಯೋಗ್ಯತೆಯಿಲ್ಲದವರೊಡನೆ ಒಪ್ಪಂದವೇ ಅಸಾಧ್ಯವೆಂದೂ ತೀರ್ಪಿತ್ತನು. ಪತ್ರವು ಶೂನ್ಯವಾದರೆ ಸಾರ್ವಭೌಮತ್ವ ಬಂದದ್ದೆಲ್ಲಿಂದ ಎಂಬ ಪ್ರಶ್ನೆ ಆ ವಿದ್ವಾಂಸನನ್ನು ಕಾಡಿದಂತೆ ತೋರುವುದಿಲ್ಲ.

೧೮೮೧ರ ಮಾರ್ಚಿಯಲ್ಲಿ ಬ್ರಿಟಿಷರು ಮೈಸೂರನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂದಕ್ಕೆ ಕೊಟ್ಟರಷ್ಟೆ. ಅದೇ ವರ್ಷದ ನವೆಂಬರ್ ೫ರಂದು ತರನಾಕಿ ಪ್ರಾಂತದ ಪರಿಹಾಕ ಎಂಬ ಹಳ್ಳಿಯನ್ನು ಸುಮಾರು ಸಾವಿರದ ಆರುನೂರು ಮಂದಿ ಶಸ್ತ್ರಧಾರಿಗಳು ಸುತ್ತುಗಟ್ಟಿದರು. ಅಲ್ಲಿ ತೆ ವಿತಿ, ತೊಹು ಎಂಬ ಇಬ್ಬರು ಹಿರಿಯರು ಆಯುಧವನ್ನು ಹಿಡಿಯಕೂಡದೆಂದು ಬೋಧಿಸುತ್ತಿದ್ದರು. ಜಪ್ತಿಯಾದ ನೆಲವನ್ನು ಅಳೆಯಲು ಬಂದಾಗ ಅವರ ಜನರು ಬಿಳಿಯರ ಹುಲ್ಲುಗಾವಲಿನಲ್ಲಿ ನೇಗಿಲು ಕಟ್ಟಿ ಉತ್ತರು. ಹಿಡಿದೊಯ್ದರೆ ಮತ್ತೊಂದು ತಂಡ ಬಂದು ಉತ್ತಿತು. ನೂರಾರು ಮಂದಿಯನ್ನು ವಿಚಾರಣೆಯಿಲ್ಲದೆ ಸೆರೆಯಲ್ಲಿಟ್ಟರು. ಸೈನ್ಯವು ಬಂದ ಆ ಬೆಳಗ್ಗೆ ದಾರಿಗೆ ಅಡ್ಡವಾಗಿ ನಿಂತದ್ದು ಹಾಡಿ ಕುಣಿಯುವ ಮಕ್ಕಳು. ಒಳಗೆ ಎರಡು ಸಾವಿರಕ್ಕೂ ಮೀರಿದ ಜನ ಮೌನವಾಗಿ ಕುಳಿತಿದ್ದರು. ಬಂದವರಿಗೆಂದು ರೊಟ್ಟಿ ಸುಟ್ಟಿಟ್ಟಿದ್ದರು. ಹಿರಿಯರಿಬ್ಬರನ್ನೂ ಹಿಡಿದೊಯ್ದು, ಮನೆಗಳನ್ನು ಕೆಡವಿ, ಬೆಳೆಯನ್ನು ಹಾಳುಮಾಡಿದರು. ಅವರನ್ನು ವಿಚಾರಿಸದೆಯೇ ಸೆರೆಯಲ್ಲಿಡಲು ಮರುವರ್ಷ ಪ್ರತ್ಯೇಕವಾದ ಕಾಯಿದೆಯನ್ನೇ ಮಾಡಬೇಕಾಯಿತು. ದಂಡಿಯ ಉಪ್ಪಿಗೆ ಇನ್ನೂ ಐವತ್ತು ವರ್ಷವಿದ್ದಿತು.

ಅನಂತರದ ಕಥೆಯನ್ನು ಬೇಗನೆ ಹೇಳಿಬಿಡುವೆನು. ೧೯೭೫ರಲ್ಲಿ ಎಂಬತ್ತರ ಸಮೀಪದ ವೃದ್ಧೆ ವಿನ ಕೂಪರ್ ಉತ್ತರದ ತುದಿಯಿಂದ ವೆಲಿಂಗ್ಟನ್ನಿನವರೆಗೆ ಒಂದು ತಿಂಗಳ ಕಾಲ ನಡೆದ ಭೂಯಾತ್ರೆಯ ಮುಂದಾಳಾದಳು. ಅದೇ ವರ್ಷ ವೈತಾಂಗಿ ನ್ಯಾಯಮಂಡಲಿ ಸ್ಥಾಪಿತವಾಯಿತು. ಮೊದಲು ಅದಕ್ಕೆ ಹೊಸ ದೂರುಗಳನ್ನು ಮಾತ್ರ ಕೇಳುವ ಅಧಿಕಾರವಿದ್ದಿತು. ೧೯೮೫ರಲ್ಲಿ ಅದನ್ನು ೧೮೪೦ರವರೆಗೆ ಹಿಂದಕ್ಕೆ ವಿಸ್ತರಿಸಿದರು. ೧೯೯೫ರಲ್ಲಿ ವೈಕಾತೊ ಜನರಿಗೆ ಹದಿನೇಳು ಕೋಟಿ ಡಾಲರಿನ ಪರಿಹಾರವನ್ನೂ ಕ್ಷಮಾಪಣೆಯನ್ನೂ ಕೊಡುವ ಕಾಯಿದೆಗೆ ಎಲಿಜಬೆತ್ ರಾಣಿಯು ವೆಲಿಂಗ್ಟನ್ನಿನಲ್ಲಿ ತಾನೇ ರುಜು ಹಾಕಿದಳು. ಕಳೆದುಕೊಂಡದ್ದರ ಬೆಲೆಯಲ್ಲಿ ಅದು ಸಣ್ಣ ಪಾಲು. ೨೦೧೭ರಲ್ಲಿ ವಂಗನುಯಿ ನದಿಗೆ ಕಾನೂನಿನಲ್ಲಿ ವ್ಯಕ್ತಿಯ ಸ್ಥಾನ ದೊರೆಯಿತು. ನಮ್ಮ ದೇವಸ್ಥಾನದ ಮೂರ್ತಿಯು ಆಸ್ತಿವಂತನಾಗಿ ದಾವಾ ಹೂಡಬಹುದೆಂಬುದನ್ನು ಬಲ್ಲ ನಮಗೆ ಇದು ವಿಚಿತ್ರವೆನಿಸಲಾರದು.

೨೦೧೪ರಲ್ಲಿ ನ್ಯಾಯಮಂಡಲಿಯು, ೧೮೪೦ರ ಫೆಬ್ರವರಿಯಲ್ಲಿ ರುಜು ಹಾಕಿದ ಉತ್ತರದ ನಾಯಕರು ಸಾರ್ವಭೌಮತ್ವವನ್ನು ಒಪ್ಪಿಸಲಿಲ್ಲವೆಂದು ಸ್ಪಷ್ಟವಾಗಿ ನಿರ್ಣಯಿಸಿತು. ಆದರೂ ಸಾರ್ವಭೌಮತ್ವವು ತನ್ನಲ್ಲಿದೆಯೆಂಬುದರಲ್ಲಿ ಸಂದೇಹವಿಲ್ಲವೆಂದು ಸರ್ಕಾರವು ಉತ್ತರಕೊಟ್ಟಿತು. ೨೦೨೪ರ ನವೆಂಬರಿನಲ್ಲಿ ಪತ್ರದ ತತ್ತ್ವಗಳಿಗೆ ಶಾಸನಸಭೆಯೇ ಹೊಸ ಅರ್ಥವನ್ನು ಗೊತ್ತುಪಡಿಸುವ ಮಸೂದೆಯೊಂದು ಬಂದಿತು. ಸಭೆಯ ಅತಿ ಕಿರಿಯ ಸದಸ್ಯೆಯಾದ ಮಾವೊರಿ ತರುಣಿಯು ಎದ್ದು ಮಸೂದೆಯ ಪ್ರತಿಯನ್ನು ಹರಿದು, ‘ಹಕ’ವನ್ನು ಆರಂಭಿಸಿದಳು. ಕೆಲವೇ ದಿನಗಳಲ್ಲಿ ಸುಮಾರು ನಲವತ್ತೆರಡು ಸಾವಿರ ಜನ ನಡೆದುಬಂದು ಶಾಸನಸಭೆಯ ಮುಂದೆ ನೆರೆದರು. ೨೦೨೫ರ ಏಪ್ರಿಲ್ ೧೦ರಂದು ಮಸೂದೆಯು ಹನ್ನೊಂದಕ್ಕೆ ಎದುರಾಗಿ ನೂರಹನ್ನೆರಡು ಮತಗಳಿಂದ ಬಿದ್ದುಹೋಯಿತು. ಆ ಜೂನ್ ತಿಂಗಳಲ್ಲಿ, ಕುಣಿದದ್ದಕ್ಕಾಗಿ ತರುಣಿಯನ್ನು ಏಳು ದಿನವೂ ಅವಳ ಪಕ್ಷದ ಇಬ್ಬರು ನಾಯಕರನ್ನು ಇಪ್ಪತ್ತೊಂದು ದಿನವೂ ಸಭೆಯಿಂದ ಹೊರಗಿಟ್ಟರು.