ಗಂಟಲಲ್ಲಿ ಮನೆ ಮಾಡಿಕೊಂಡವರೆಲ್ಲ ಶತ್ರುಗಳಲ್ಲ



ಬೇ ಏರಿಯಾದಲ್ಲಿ ಮಳೆ ಶುರುವಾಗುತ್ತಿದ್ದಂತೆ ವಾರಾಂತ್ಯದ ಕನ್ನಡ ತರಗತಿಗಳಲ್ಲಿ ಹಾಜರಿ ಇಳಿಯುವುದು ಪ್ರತಿ ವರ್ಷದ ಕಥೆ. ಕಾರಣ ಕೇಳಿದರೆ ಉತ್ತರ ಒಂದೇ: "ಮಗೂಗೆ ಗಂಟಲು ನೋವು, ಸ್ಟ್ರೆಪ್ ಇರಬಹುದು ಅಂತ ಡೌಟು." ನಮ್ಮಲ್ಲೊಬ್ಬರ ಮನೆಗೆ ಹೀಗೇ ಒಮ್ಮೆ ಲ್ಯಾಬ್ ರಿಪೋರ್ಟ್ ಬಂತು. ಅದರಲ್ಲಿ 'ನಾರ್ಮಲ್ ಥ್ರೋಟ್ ಫ್ಲೋರಾ' ಎಂದಿತ್ತು. ಅಪ್ಪ-ಅಮ್ಮನಿಗೆ ಗಾಬರಿ. ಶಿವಮೊಗ್ಗದಿಂದ ಬಂದಿದ್ದ ಅಜ್ಜಿ ಮಾತ್ರ, "ಫ್ಲೋರಾ ಅಂದ್ರೆ ಹೂವು ಗಿಡ ಅಲ್ವೇನೋ? ಗಂಟಲಲ್ಲಿ ಎಂಥ ತೋಟ ಮಾಡಿದಾನೆ ಮೊಮ್ಮಗ?" ಎಂದರಂತೆ. ಅಜ್ಜಿ ಹೇಳಿದ್ದು ಹೆಚ್ಚು ಕಡಿಮೆ ಸರಿಯೇ!

ಆರೋಗ್ಯವಂತರ ಗಂಟಲು ಖಾಲಿ ಜಾಗವಲ್ಲ. ಒಂದು ಮಿಲಿಲೀಟರ್ ಎಂಜಲಿನಲ್ಲಿ ಸುಮಾರು 10 ಕೋಟಿ ಬ್ಯಾಕ್ಟೀರಿಯಾಗಳಿರುತ್ತವೆ. ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ಬಂದು ಬಿಡಾರ ಹೂಡುವವುಗಳಲ್ಲಿ ಸ್ಟ್ರೆಪ್ಟೊಕಾಕಸ್ ಸಲೈವೇರಿಯಸ್ ಮುಖ್ಯವಾದದ್ದು. ಅದರ ಹತ್ತಿರದ ಬಂಧು ಸ್ಟ್ರೆಪ್ಟೊಕಾಕಸ್ ಮೈಟಿಸ್. ಇವಲ್ಲದೆ ನಿರಪಾಯಕಾರಿ ನೈಸೀರಿಯಾಗಳು, ರೋಥಿಯಾ, ಹೀಮೋಫಿಲಸ್ ಕೂಡ ಇರುತ್ತವೆ. ಟಾನ್ಸಿಲ್‌ಗಳ ಮೇಲಿನ ಸಣ್ಣ ಕುಳಿಗಳಲ್ಲಿ ಗಾಳಿ ಅಷ್ಟಾಗಿ ಆಡದ ಕಾರಣ, ಆಮ್ಲಜನಕ ಬೇಡದ ವೀಲೊನೆಲ್ಲಾ, ಪ್ರಿವೊಟೆಲ್ಲಾಗಳು ಅಲ್ಲಿ ಸುಖವಾಗಿರುತ್ತವೆ. 'ಸ್ಟ್ರೆಪ್ಟೊಕಾಕಸ್' ಎಂದರೆ ಗ್ರೀಕ್ ಭಾಷೆಯಲ್ಲಿ ಸರಪಳಿಯಂತೆ ಕೂಡಿದ ದುಂಡು ಕಾಳು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಣಿಸರದ ಹಾಗೆಯೇ ಕಾಣುತ್ತದೆ.

ಈ ಹೆಸರು ಕೇಳಿದ ಕೂಡಲೇ ನಾವು ಹೆದರುತ್ತೇವೆ. ಆದರೆ ಕಾಯಿಲೆ ತರುವ 'ಸ್ಟ್ರೆಪ್' ಈ ದೊಡ್ಡ ಕುಟುಂಬದ ಒಬ್ಬ ಸದಸ್ಯ ಮಾತ್ರ: ಸ್ಟ್ರೆಪ್ಟೊಕಾಕಸ್ ಪಯೋಜೆನಿಸ್, ಅಂದರೆ ಗ್ರೂಪ್ ಎ. 1933ರಲ್ಲಿ ಅಮೆರಿಕದ ರೆಬೆಕ್ಕಾ ಲಾನ್ಸ್‌ಫೀಲ್ಡ್ ಈ ಎ, ಬಿ, ಸಿ ಗುಂಪುಗಳ ವಿಂಗಡಣೆ ಮಾಡಿಕೊಟ್ಟರು. ಲ್ಯಾಬಿನವರು ಗಂಟಲು ದ್ರವವನ್ನು ಕುರಿಯ ರಕ್ತ ಬೆರೆಸಿದ ತಟ್ಟೆಯ ಮೇಲೆ ಸವರಿ ಒಂದೆರಡು ದಿನ ಬೆಳೆಸುತ್ತಾರೆ. ನಮ್ಮ ಮನೆವಾಸಿಗಳಲ್ಲಿ ಹಲವು ಸುತ್ತಲಿನ ರಕ್ತವನ್ನು ಹಸಿರಾಗಿಸುತ್ತವೆ. ಗ್ರೂಪ್ ಎ ಮಾತ್ರ ರಕ್ತಕಣಗಳನ್ನು ಪೂರ್ತಿ ಒಡೆದು ಗಾಜಿನಂತೆ ತಿಳಿಯಾದ ವೃತ್ತ ಮಾಡುತ್ತದೆ.

ಬಾಯಿಯ ಜೀವಿಗಳನ್ನು ಮೊದಲು ಕಂಡು ಬರೆದವರು ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್, 1683ರಲ್ಲಿ, ತಮ್ಮದೇ ಹಲ್ಲಿನ ಕಿಟ್ಟದಲ್ಲಿ. ಮುನ್ನೂರು ವರ್ಷಗಳ ನಂತರ ಈ ಕಥೆಯ ಒಂದು ಮುಖ್ಯ ಅಧ್ಯಾಯ ನಮ್ಮ ಪಕ್ಕದ ಸ್ಟ್ಯಾನ್‌ಫರ್ಡ್‌ನಲ್ಲೇ ನಡೆಯಿತು. 1999ರಲ್ಲಿ ಡೇವಿಡ್ ರೆಲ್ಮನ್ ಅವರ ತಂಡ ಒಬ್ಬ ಆರೋಗ್ಯವಂತರ ವಸಡಿನ ಸಂದಿಯಿಂದ ಮಾದರಿ ತೆಗೆದು, ತಟ್ಟೆಯಲ್ಲಿ ಬೆಳೆಸುವುದರ ಜೊತೆಗೆ ಡಿಎನ್‌ಎಯನ್ನೂ ಓದಿ ನೋಡಿತು. ತಟ್ಟೆಯಲ್ಲಿ ಬೆಳೆಯದ ಎಷ್ಟೋ ಬಗೆಗಳು ಡಿಎನ್‌ಎಯಲ್ಲಿ ಸಿಕ್ಕವು. ಅಷ್ಟು ದಿನ ನಾವು ಎಣಿಸಿದ್ದು ಜನಗಣತಿಗೆ ಬಾಗಿಲು ತೆಗೆದವರನ್ನು ಮಾತ್ರ! 2012ರಲ್ಲಿ ಪ್ರಕಟವಾದ ಹ್ಯೂಮನ್ ಮೈಕ್ರೊಬಯೋಮ್ ಪ್ರಾಜೆಕ್ಟ್ 242 ಆರೋಗ್ಯವಂತರನ್ನು ಪರೀಕ್ಷಿಸಿತು. ಅದರಲ್ಲಿ ಗಂಟಲು, ಟಾನ್ಸಿಲ್ ಎರಡೂ ಸೇರಿದ್ದವು.

ಇವು ಅಲ್ಲಿ ಕೂತು ಮಾಡುವುದೇನು? ಊರಿನಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವುದು ನೆನಪಿದೆಯಲ್ಲ, ಅದೇ ಕೆಲಸ. ಜಾಗ, ಆಹಾರ ಎರಡನ್ನೂ ಹಿಡಿದಿಟ್ಟರೆ ಹೊಸದಾಗಿ ಬಂದ ರೋಗಾಣುವಿಗೆ ಕೂರಲು ಎಡೆಯಿಲ್ಲ. ಕೆಲವು ಬಗೆಗಳು ಶತ್ರುವನ್ನು ಕೊಲ್ಲುವ ಸಣ್ಣ ಪ್ರೋಟೀನ್‌ಗಳನ್ನೂ ತಯಾರಿಸುತ್ತವೆ. ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ ಜಾನ್ ಟ್ಯಾಗ್ ಎಂಬ ವಿಜ್ಞಾನಿ ಒಬ್ಬ ಆರೋಗ್ಯವಂತ ಶಾಲಾಬಾಲಕನ ಬಾಯಿಯಿಂದ ಅಂಥ ಸಲೈವೇರಿಯಸ್ ತಳಿಯನ್ನು ಬೇರ್ಪಡಿಸಿದರು. ಈಗ ಅದು ಚೀಪುವ ಮಾತ್ರೆಯಾಗಿ ಅಂಗಡಿಗಳಲ್ಲಿ ಸಿಗುತ್ತದೆ. ಆದರೆ ಅದನ್ನು ನಂಬಿ ಡಾಕ್ಟರನ್ನು ಬಿಡುವಷ್ಟು ಪುರಾವೆ ಇಲ್ಲ ಎಂಬುದು ನಮ್ಮ ಅನಿಸಿಕೆ.

ಈಗ ತಂದೆ-ತಾಯಂದಿರಿಗೆ ಬೇಕಾದ ಮಾತು. ಶಾಲೆಗೆ ಹೋಗುವ ಆರೋಗ್ಯವಂತ ಮಕ್ಕಳಲ್ಲಿ ನೂರಕ್ಕೆ ಸುಮಾರು ಹತ್ತು-ಹನ್ನೆರಡು ಮಂದಿಯ ಗಂಟಲಲ್ಲಿ ಗ್ರೂಪ್ ಎ ಸ್ಟ್ರೆಪ್ ಕೂಡ ಸುಮ್ಮನೆ ಇರುತ್ತದೆ. ಇವರನ್ನು 'ಕ್ಯಾರಿಯರ್' ಎನ್ನುತ್ತಾರೆ. ಇಂಥ ಮಗುವಿಗೆ ಮಾಮೂಲಿ ನೆಗಡಿ ಬಂದು, ಗಂಟಲು ಪರೀಕ್ಷೆ ಮಾಡಿಸಿದರೆ 'ಪಾಸಿಟಿವ್' ಬರುತ್ತದೆ, ಆಂಟಿಬಯೋಟಿಕ್ ಬರುತ್ತದೆ, ಮುಂದಿನ ತಿಂಗಳು ಮತ್ತದೇ. ಆದ್ದರಿಂದ ಮೂಗು ಸೋರುತ್ತಾ, ಕೆಮ್ಮುತ್ತಾ, ದನಿ ಒಡೆದಿರುವ ಮಗುವಿಗೆ ಸಾಮಾನ್ಯವಾಗಿ ಈ ಪರೀಕ್ಷೆ ಬೇಡ, ಅದು ವೈರಸ್‌ನ ಕೆಲಸ. ಮೂರು ವರ್ಷದೊಳಗಿನ ಮಕ್ಕಳಿಗೂ ಬಹುತೇಕ ಬೇಕಾಗುವುದಿಲ್ಲ. ಕಾಡ್ಗಿಚ್ಚಿನ ಹೊಗೆಯಿಂದಲೂ ಗಂಟಲು ಉರಿಯುತ್ತದೆ. 2018ರ ನವೆಂಬರ್ ನಮಗೆಲ್ಲ ನೆನಪಿದೆ. ಬದಲಿಗೆ ಕೆಮ್ಮಿಲ್ಲದೆ ಥಟ್ಟನೆ ಜ್ವರ, ನುಂಗಲಾರದ ನೋವು, ಟಾನ್ಸಿಲ್ ಮೇಲೆ ಬಿಳಿ ಕೀವು, ಕುತ್ತಿಗೆಯಲ್ಲಿ ಮುಟ್ಟಿದರೆ ನೋಯುವ ಗಂಟು, ಮೈಮೇಲೆ ಸ್ಯಾಂಡ್‌ಪೇಪರ್‌ನಂಥ ಗಂದೆ ಕಂಡರೆ ಪರೀಕ್ಷೆ ಮಾಡಿಸಲೇಬೇಕು. ಎಂಜಲು ನುಂಗಲಾಗದೆ ಜೊಲ್ಲು ಸುರಿಯುತ್ತಿದ್ದರೆ, ಉಸಿರಾಟ ಕಷ್ಟವಾದರೆ ಕಾಯದೆ 911.

"ಹಾಗಾದರೆ ಸ್ಟ್ರೆಪ್ ಬಂದರೂ ತಾನೇ ಹೋಗುತ್ತಲ್ಲ?" ಎಂದು ಕೇಳುವವರಿದ್ದಾರೆ. ಗಂಟಲು ನೋವು ಹೋಗುತ್ತದೆ ನಿಜ. ಆದರೆ ಎರಡು ಮೂರು ವಾರಗಳ ನಂತರ ಕೆಲವು ಮಕ್ಕಳಲ್ಲಿ ರುಮ್ಯಾಟಿಕ್ ಜ್ವರ ಬಂದು ಕೀಲುಗಳು ಊದಿ, ಹೃದಯದ ಕವಾಟಕ್ಕೆ ಪೆಟ್ಟು ಬೀಳುತ್ತದೆ. ನಮ್ಮ ತಲೆಮಾರಿನ ಅನೇಕರಿಗೆ ಊರಿನಲ್ಲಿ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚಿಸಿಕೊಳ್ಳುತ್ತಿದ್ದ ಒಬ್ಬ ಅಕ್ಕನೋ, ಸಹಪಾಠಿಯೋ ನೆನಪಿರಬಹುದು. ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಬಲೂನ್ ಹಾಕಿ ಕವಾಟ ಬಿಡಿಸಿಕೊಂಡವರಲ್ಲಿ ಹೆಚ್ಚಿನವರ ಕಾಯಿಲೆ ಶುರುವಾದದ್ದು ಹೀಗೊಂದು ಬಾಲ್ಯದ ಗಂಟಲು ನೋವಿನಿಂದ. ನೋವು ಶುರುವಾದ ಒಂಬತ್ತು ದಿನದೊಳಗೆ ಔಷಧಿ ಆರಂಭಿಸಿದರೂ ಈ ಜ್ವರವನ್ನು ತಡೆಯಬಹುದು. ಹಾಗಾಗಿ ಕಲ್ಚರ್ ರಿಪೋರ್ಟಿಗೆ ಒಂದೆರಡು ದಿನ ಕಾದರೆ ನಷ್ಟವಿಲ್ಲ. ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಸಾಮಾನ್ಯವಾಗಿ 10 ದಿನ. ಮಗು ಮೂರನೇ ದಿನವೇ ಜಿಗಿದಾಡಿದರೂ ಡಾಕ್ಟರ್ ಹೇಳಿದಷ್ಟು ದಿನ ಕೊಡಿ.

ಸೂಟ್‌ಕೇಸಿನ ವಿಷಯಕ್ಕೆ ಬರೋಣ. ಹಪ್ಪಳ, ಚಟ್ನಿಪುಡಿಯ ನಡುವೆ ಒಂದು ಸ್ಟ್ರಿಪ್ ಅಜಿತ್ರೋಮೈಸಿನ್ ಇಲ್ಲದ ಸೂಟ್‌ಕೇಸ್ ನಮ್ಮಲ್ಲಿ ಅಪರೂಪ! (ಭಾರತದಲ್ಲೂ ಕಾನೂನಿನ ಪ್ರಕಾರ ಅದಕ್ಕೆ ಡಾಕ್ಟರ ಚೀಟಿ ಬೇಕು.) ವೈರಸ್‌ಗೆ ಅದು ತಾಗುವುದೇ ಇಲ್ಲ, ಸೀಟು ಹಿಡಿದು ಕೂತ ಕಾವಲುಗಾರರಿಗೆ ಮಾತ್ರ ಪೆಟ್ಟು. ಸ್ಟ್ರೆಪ್‌ನಲ್ಲೂ ಕೆಲವು ತಳಿಗಳು ಅದಕ್ಕೆ ಬಗ್ಗುವುದಿಲ್ಲ. ಪೆನಿಸಿಲಿನ್ ಮಾತ್ರ ಇಂದಿಗೂ ಗ್ರೂಪ್ ಎ ವಿರುದ್ಧ ಕೈಕೊಟ್ಟಿಲ್ಲ. ಉಪ್ಪುನೀರು ಮುಕ್ಕಳಿಸುವುದು, ಶುಂಠಿ-ಮೆಣಸಿನ ಕಷಾಯ ನೋವಿಗೆ ಹಿತ, ಧಾರಾಳವಾಗಿ ಮಾಡಿ. ಒಂದು ವರ್ಷದೊಳಗಿನ ಕೂಸಿಗೆ ಮಾತ್ರ ಜೇನು ಬೇಡ. ಅಂದಹಾಗೆ, ಎಂಜಲು ಮಾಡದೆ ನೀರನ್ನು ಎತ್ತಿ ಕುಡಿಯಬೇಕೆಂಬ ಅಜ್ಜಿಯ ಕಟ್ಟಳೆಯನ್ನು ಸಾಕರ್ ಮೈದಾನದಲ್ಲಿ ಒಂದೇ ಬಾಟಲಿ ಹಂಚಿಕೊಳ್ಳುವ ಮಕ್ಕಳಿಗೂ ಕಲಿಸಬಹುದು.

ಹಿರಿಯರಿಗೂ ಇದರಲ್ಲಿ ಪಾಲಿದೆ. ಮಕ್ಕಳ ಮೂಗು-ಗಂಟಲಲ್ಲಿ ಸುಮ್ಮನಿರುವ ನ್ಯೂಮೊಕಾಕಸ್ ಅಜ್ಜ-ಅಜ್ಜಿಯರಿಗೆ ನ್ಯುಮೋನಿಯಾ ತರಬಲ್ಲದು. 2000ದಲ್ಲಿ ಅಮೆರಿಕದ ಮಕ್ಕಳಿಗೆ ಇದರ ಹೊಸ ಲಸಿಕೆ ಶುರುವಾದ ಮೇಲೆ, ಲಸಿಕೆ ಪಡೆಯದ ಹಿರಿಯರಲ್ಲೂ ಇದರ ತೀವ್ರ ಸೋಂಕು ಇಳಿಯಿತು. ಊರಿನಿಂದ ತಂದೆ-ತಾಯಿ ಬರುವ ಮುಂಚೆ ಅವರ ಲಸಿಕೆಯ ಬಗ್ಗೆ ಅಲ್ಲಿನ ಡಾಕ್ಟರನ್ನು ಕೇಳಿ. ಕಾಲೇಜು ಹಾಸ್ಟೆಲಿಗೆ ಹೊರಟ ಮಕ್ಕಳಿದ್ದರೆ ಮೆನಿಂಜೊಕಾಕಸ್ ಲಸಿಕೆಯನ್ನು ವಿಚಾರಿಸಿ. ಹತ್ತರಲ್ಲಿ ಸುಮಾರು ಒಬ್ಬರ ಗಂಟಲಲ್ಲಿ ಅದೂ ಸದ್ದಿಲ್ಲದೆ ಇರುತ್ತದೆ. ಇನ್ನು ಕೃತಕ ಹೃದಯ ಕವಾಟ ಹಾಕಿಸಿಕೊಂಡ ಹಿರಿಯರು ಇಲ್ಲಿ ಹಲ್ಲು ತೆಗೆಸುವುದಿದ್ದರೆ, ಕುರ್ಚಿಯಲ್ಲಿ ಕೂರುವ ಮುಂಚೆಯೇ ಡೆಂಟಿಸ್ಟಿಗೆ ಆ ವಿಷಯ ತಿಳಿಸಬೇಕು. ಗಂಟಲಲ್ಲಿ ಸಾಧುವಾಗಿರುವ ಅದೇ ಹಸಿರು ಸ್ಟ್ರೆಪ್ಟೊಕಾಕಸ್ ವಸಡಿನ ಗಾಯದಿಂದ ರಕ್ತಕ್ಕಿಳಿದು ಆ ಕವಾಟದ ಮೇಲೆ ಕೂರಬಹುದು. ಅದಕ್ಕಾಗಿ ಒಂದು ಗಂಟೆ ಮುಂಚೆ ಆಂಟಿಬಯೋಟಿಕ್‌ನ ಒಂದು ಡೋಸ್ ಕೊಡುತ್ತಾರೆ.